ಎದುರುಗಾಳಿ ಸೀಮೆಯಲ್ಲಿ ಸೈಕಲ್

ಬ್ಯಾಂಕಿನಲ್ಲಿದ್ದಾಗ ಊರವರ ವಾಹನಸಾಲದ ಲೆಕ್ಕವನ್ನೆಲ್ಲ ಬರೆದವನು ನಾನು. ನಮ್ಮ ಮನೆಗೆ ಮಾತ್ರ ಕಾರು ಬರಲಿಲ್ಲ. ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಕಾರಿಲ್ಲದೆ ಆಗುತ್ತದೆಯೇ ಎಂದು ಮೊಮ್ಮಕ್ಕಳು ಕೇಳುತ್ತಾರೆ. ಆಗುತ್ತದೆ. ಆದರೆ ತಿಂಗಳು ನೋಡಬೇಕು, ದಿಕ್ಕು ನೋಡಬೇಕು.

ಮಕ್ಕಳೇ, ನಕಾಶೆ ತೆಗೆಯಿರಿ. ಪಶ್ಚಿಮಕ್ಕೆ ಬೆಟ್ಟಸಾಲಿನ ಮಗ್ಗುಲಲ್ಲಿ ತರೀಕೆರೆ. ಅಲ್ಲಿಂದ ಹೆಚ್ಚುಕಡಿಮೆ ನೇರ ಪೂರ್ವಕ್ಕೆ ಅಜ್ಜಂಪುರ. ಅಜ್ಜಂಪುರದ ದಕ್ಷಿಣಕ್ಕೆ ಕಡೂರು. ಅರಬ್ಬೀ ಸಮುದ್ರದಿಂದ ಬರುವ ಮುಂಗಾರಿನ ಮೋಡ ಘಟ್ಟದಲ್ಲೇ ಮುಕ್ಕಾಲು ನೀರು ಸುರಿದುಬಿಡುತ್ತದೆ. ಮಳೆ ಅಲ್ಲಿಗೆ, ಗಾಳಿ ನಮಗೆ!

ಜೂನ್, ಜುಲೈನಲ್ಲಿ ಆ ಗಾಳಿಯ ರುಚಿ ನೋಡಬೇಕು. ಅಜ್ಜಂಪುರ ಅಮೃತಮಹಲ್ ರಾಸುಗಳಿಗೆ ಹೆಸರಾದ ಊರು. ಸುತ್ತ ಬಯಲು, ಹುಲ್ಲುಗಾವಲು. ಗಾಳಿಗೆ ಅಡ್ಡ ನಿಲ್ಲಲು ತೋಪುಗಳೂ ಕಡಿಮೆ. ಅಲ್ಲಿಂದ ತರೀಕೆರೆಗೆ ಹೊರಟರೆ ಗಾಳಿ ಎದೆಗೇ ಹೊಡೆಯುತ್ತದೆ. ರಸ್ತೆ ಸಮತಟ್ಟಾಗಿದ್ದರೂ ಗುಡ್ಡ ಹತ್ತಿದ ಹಾಗೆ ತೊಡೆ ನೋಯುತ್ತದೆ. ಗುಡ್ಡವಾದರೆ ನೆತ್ತಿ ತಲುಪಿದ ಮೇಲೆ ಇಳಿಜಾರು ಸಿಗುತ್ತದೆ, ಈ ಗಾಳಿಗೆ ನೆತ್ತಿಯೇ ಇಲ್ಲ. ಅದಕ್ಕೇ ನಾನು ಬೆಳಗಾಗುತ್ತಲೇ ಹೊರಡುತ್ತಿದ್ದೆ. ಆಗ ಗಾಳಿ ಇನ್ನೂ ಮೆತ್ತಗಿರುತ್ತದೆ. ಮಧ್ಯಾಹ್ನ ಮರಳುವಾಗ ಅದೇ ಗಾಳಿ ಬೆನ್ನು ನೂಕುತ್ತದೆ, ಪೆಡಲ್ ತುಳಿಯುವ ಕೆಲಸ ಅರ್ಧ ಉಳಿಯುತ್ತದೆ. ಕಡೂರಿನ ದಾರಿಯಲ್ಲಿ ಮಾತ್ರ ಪಕ್ಕದ ಗಾಳಿ. ಲಾರಿ ದಾಟಿಹೋದಾಗ ಹ್ಯಾಂಡಲ್ ಗಟ್ಟಿ ಹಿಡಿಯಬೇಕು.

ಅಜ್ಜಂಪುರದ ಎರೆಮಣ್ಣು ಇನ್ನೊಂದು ಬಗೆ. ಟಾರು ರಸ್ತೆಯಲ್ಲಿ ತೊಂದರೆಯಿಲ್ಲ. ಹೊಲದ ದಾರಿಯಲ್ಲಿ ಒಂದು ಹದಮಳೆ ಬಿದ್ದರೆ ಸಾಕು, ಮಣ್ಣು ಚಕ್ರಕ್ಕೂ ಮಡ್ಗಾರ್ಡಿಗೂ ನಡುವೆ ಮೆತ್ತಿಕೊಂಡು ಸೈಕಲ್ ನಿಂತೇಬಿಡುತ್ತದೆ. ಕಡ್ಡಿಯಲ್ಲಿ ಕೆರೆದು ತೆಗೆದರೆ ಹತ್ತು ಮಾರು ಹೋಗುವಷ್ಟರಲ್ಲಿ ಮತ್ತೆ ಅದೇ ಪಾಡು. ನಮ್ಮನ್ನು ಹೊರಬೇಕಾದ್ದನ್ನು ನಾವೇ ಹೊರಬೇಕು!

2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿತು. ತೋಟದ ಮನೆಯ ಹೆಣ್ಣುಮಕ್ಕಳು ಹೈಸ್ಕೂಲಿಗೆ ಹೋಗಲು ಅದಕ್ಕಿಂತ ಒಳ್ಳೆಯ ಉಪಾಯ ನಾನು ಕಂಡಿಲ್ಲ. ಆದರೆ ಗೇರಿಲ್ಲದ ಸೈಕಲ್, ಎದುರುಗಾಳಿ, ಬೆನ್ನಿಗೆ ಪುಸ್ತಕದ ಚೀಲ. ಶಾಲೆ ತೆರೆಯುವ ಕಾಲಕ್ಕೇ ಗಾಳಿಯೂ ಏಳುತ್ತದೆ. ಮನೆಯಿಂದ ಟಾರು ರಸ್ತೆ ಮುಟ್ಟುವ ಅರ್ಧ ಮೈಲಿಗೆ ಜಲ್ಲಿ ಹಾಕಿಸಿಕೊಟ್ಟರೆ ಎಷ್ಟೋ ಮಕ್ಕಳ ಹಾಜರಿ ಉಳಿದೀತು. ಪಂಚಾಯಿತಿಯವರು ಇದನ್ನು ಓದಲಿ.

ಕಡೂರಿನ ಕಡೆ ಕೆಸರಿಗಿಂತ ಜಾಲಿಮುಳ್ಳಿನ ಕಾಟ. ಪಂಚರ್ ಸಾಮಾನು ಜೊತೆಗಿರಲಿ. ಮಾರ್ಚಿನಿಂದ ಮೇವರೆಗೆ ಒಂಬತ್ತು ಗಂಟೆಯೊಳಗೆ ಕೆಲಸ ಮುಗಿಸಿ. ನವೆಂಬರಿನಿಂದ ಫೆಬ್ರವರಿವರೆಗೆ ಯಾವ ಊರಿಗಾದರೂ ಹೊರಡಿ. ತರೀಕೆರೆಯಿಂದ ಕೆಮ್ಮಣ್ಣುಗುಂಡಿಗೆ ಮಾತ್ರ ಬೇಡ. ತರೀಕೆರೆ ಸುಮಾರು 700 ಮೀಟರ್ ಎತ್ತರದಲ್ಲಿದ್ದರೆ ಅದು 1434 ಮೀಟರ್. ನನ್ನ ವಯಸ್ಸಿನವರು ಬಸ್ಸು ಹತ್ತುವುದೇ ಸರಿ.

ಗಾಳಿ ತೀರಾ ಜೋರಾದ ದಿನ ರೈಲಿದೆ. ಅಜ್ಜಂಪುರ ಹುಬ್ಬಳ್ಳಿ ದಾರಿಯಲ್ಲಿ, ತರೀಕೆರೆ ಶಿವಮೊಗ್ಗ ದಾರಿಯಲ್ಲಿ. ಎರಡೂ ಕವಲೊಡೆಯುವುದು ಬೀರೂರಿನಲ್ಲಿ. ಅಲ್ಲಿ ಇಳಿದು ರೈಲು ಬದಲಾಯಿಸಬೇಕು. ಸುತ್ತು ದಾರಿಯೇನೋ ಹೌದು, ಕಾಯುವಾಗ ಒಂದು ಕಾಫಿ ಕುಡಿದರಾಯಿತು.