ಆವಕ–ಜಾವಕ

ಹನ್ನೊಂದು ವರ್ಷಗಳಿಂದ ಸರ್ಕಾರಿ ಕಚೇರಿಯಲ್ಲಿ ನಮಗೆ ಒಪ್ಪಿಸಿರುವ ಕೆಲಸ ಆವಕ–ಜಾವಕ. ಬಂದ ಕಾಗದಕ್ಕೊಂದು ನಂಬರು, ಹೋಗುವ ಕಾಗದಕ್ಕೊಂದು ನಂಬರು. ಬಿ.ಎ. ಮಾಡಿ ಧಾರವಾಡದಿಂದ ಪುಣೆಗೆ ಬಂದದ್ದು ಇಷ್ಟಕ್ಕೇ ಏನು ಎಂದು ಕೆಲವು ಸಂಜೆ ಬೇಸರವಾಗುವುದುಂಟು. ಆದರೆ ಹೋದ ಮಳೆಗಾಲದಲ್ಲಿ ಒಂದು ಕಠಿಣ ವಿಷಯ ನಮ್ಮ ತಲೆಗೆ ಹತ್ತಿದ್ದು ಈ ಕೆಲಸದ ದೆಸೆಯಿಂದಲೇ.

ನಮ್ಮ ತಾಯಿಯವರಿಗೆ ಎಪ್ಪತ್ತೊಂದು. ಆಷಾಢದಲ್ಲಿ ಚಳಿಜ್ವರ ಬಂದಿತು. ಜೊತೆಗೆ ಮೂತ್ರದ ಉರಿ. ಉರಿ ಹಿಂದೆಯೂ ಎರಡು ಸಲ ಬಂದಿತ್ತು. ಆಗ ರಜೆ ಯಾರು ಕೇಳಬೇಕು, ದವಾಖಾನೆಯಲ್ಲಿ ಪಾಳಿ ಹಚ್ಚಿ ಯಾರು ಕೂರಬೇಕು ಎಂದು ನಾವು ಮೂಲೆಯ ಔಷಧದಂಗಡಿಯಿಂದ ಸಿಪ್ರೊಫ್ಲಾಕ್ಸಾಸಿನ್ ಗುಳಿಗೆಯ ಪಟ್ಟಿಯೊಂದನ್ನು ತಂದು ನಾಲ್ಕು ಕೊಟ್ಟೆವು. ಉರಿ ನಿಂತಿತು. ಉಳಿದವನ್ನು ಕಪಾಟಿನಲ್ಲಿಟ್ಟು ಎರಡನೆಯ ಸಲಕ್ಕೆ ಅದರಲ್ಲೇ ನಾಲ್ಕು ಕೊಟ್ಟೆವು. ಮನೆಯಲ್ಲೇ ಡಾಕ್ಟರಿದ್ದಂತಾಯಿತೆಂದು ಹೆಮ್ಮೆಯನ್ನೂ ಪಟ್ಟೆವು. ಮೂರನೆಯ ಸಲ ಗುಳಿಗೆ ನಾಟಲಿಲ್ಲ.

“ತಮ್ಮಾ, ಎಷ್ಟ ಗುಳಿಗಿ ನುಂಗಲಿ? ಒಳಗ ಹೋಗಿ ಎಲ್ಲಿ ಮಾಯ ಆಗತಾವೋ ಏನೋ!” ಎಂದರು ತಾಯಿಯವರು, ಕೌದಿಯೊಳಗೆ ನಡುಗುತ್ತ.

ಕೊನೆಗೆ ಡಾಕ್ಟರ ಬಳಿಗೆ ಓಡಿದೆವು. ವಿಜಾಪುರದ ಕಡೆಯವರು. ಮೂತ್ರದ ಕಲ್ಚರ್ ಮಾಡಿಸಿದರು. ಮೂರನೆಯ ದಿನ ಬಂದ ವರದಿಯಲ್ಲಿ ಸಿಪ್ರೊಫ್ಲಾಕ್ಸಾಸಿನ್ ಮುಂದೆ ‘ಆರ್’, ಎಂದರೆ ರೋಗಾಣು ಅದಕ್ಕೆ ಬಗ್ಗದು. ತಾಯಿಯವರ ಮಾತನ್ನು ಹೇಳಿದೆವು. “ರಾಯರ, ಅವರು ಕೇಳಿದ್ದ ಖರೇ ಪ್ರಶ್ನೆ. ಔಷಧ ರಕ್ತಕ್ಕ ಬಂದರ ಸಾಲದು. ರೋಗಾಣುವಿನ ಒಳಗ ಹೋಗಬೇಕು, ಹೋಗಿ ಅಲ್ಲಿ ನಿಲ್ಲಬೇಕು” ಎಂದರು.

ಅವರು ಹೇಳಿದ್ದನ್ನೂ, ಆಮೇಲೆ ರಾತ್ರಿ ಕೂತು ಓದಿದ್ದನ್ನೂ ನಮ್ಮ ದಫ್ತರದ ಭಾಷೆಯಲ್ಲೇ ಹೇಳುತ್ತೇವೆ, ಬಲ್ಲವರು ನಗಬಾರದು. ಈ ಸೋಂಕಿಗೆ ಬಹುಮಟ್ಟಿಗೆ ಕಾರಣವಾದ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಎಷ್ಟು ಸಣ್ಣದೆಂದರೆ, ಸುಮಾರು 500 ಸಾಲಾಗಿ ನಿಂತರೆ ಒಂದು ಮಿಲಿಮೀಟರು. ಬಂದೋಬಸ್ತು ಮಾತ್ರ ಖಜಾನೆಯದು. ಅದಕ್ಕೆ ಎರಡು ಪೊರೆ. ಹೊರಪೊರೆಯಲ್ಲಿ ಪೋರಿನ್ ಎಂಬ ಪ್ರೋಟೀನಿನ ಕಿಂಡಿಗಳು. ಆಹಾರ ಬರಲೆಂದು ಇರುವವು. ಸುಮಾರು 600 ಡಾಲ್ಟನ್ ತೂಕದೊಳಗಿನ ಅಣುಗಳು ಅದರಲ್ಲಿ ನುಸುಳಬಲ್ಲವು. 331ರ ಸಿಪ್ರೊಫ್ಲಾಕ್ಸಾಸಿನ್ ಹೋಗುತ್ತದೆ. 1,450ರ ಆಸುಪಾಸಿನ ವ್ಯಾಂಕೊಮೈಸಿನ್, ಎಷ್ಟು ಬೆಲೆಯದಾದರೇನು, ಬಾಗಿಲಲ್ಲೇ ಉಳಿಯುತ್ತದೆ. ಇದು ಆವಕ.

ಸೋಜಿಗವಿರುವುದು ಜಾವಕದಲ್ಲಿ. ಒಳಗೆ ಬಂದ ಔಷಧ ತಾನು ಹಿಡಿಯಬೇಕಾದ ಕಿಣ್ವವನ್ನು ಮುಟ್ಟುವ ಮೊದಲೇ ಒಂದು ಪಂಪು ಅದನ್ನೆತ್ತಿ ಹೊರಗೆ ಹಾಕುತ್ತದೆ! ಮೂರು ಬಗೆಯ ಪ್ರೋಟೀನು ಕೂಡಿ, ಒಳಪೊರೆಯಿಂದ ಹೊರಪೊರೆಯಾಚೆಗೆ ಹಾಯುವ ಕೊಳವೆ ಅದು. ಒಳಪೊರೆಯಲ್ಲಿ ಕೂತ ಭಾಗಕ್ಕೆ ಮೂರು ಕೈಗಳು ಎನ್ನೋಣ. ಒಂದು ತೆಗೆದುಕೊಳ್ಳುವಾಗ ಇನ್ನೊಂದು ಹಿಡಿದಿರುತ್ತದೆ, ಮತ್ತೊಂದು ತಳ್ಳುತ್ತದೆ. ಬಳಿಕ ಪಾಳಿ ಬದಲು. ಇಂಥ ಚುರುಕು ನಮಗಿದ್ದಿದ್ದರೆ ಎಂದೋ ಹೆಡ್ ಕ್ಲಾರ್ಕ್ ಆಗುತ್ತಿದ್ದೆವು. ಕರುಳಿನಲ್ಲಿ ವಾಸಿಸುವ ಈ ಜೀವಿ ನಮ್ಮ ಪಿತ್ತರಸವನ್ನು ತಾಳಿಕೊಳ್ಳುವುದೂ ಇದೇ ಪಂಪಿನಿಂದ. ಅದರ ಲೆಕ್ಕಕ್ಕೆ ನಮ್ಮ ಔಷಧ ಇನ್ನೊಂದು ಕಸ, ಅಷ್ಟೆ.

ರೋಗಾಣು ಔಷಧವನ್ನು ಹೀಗೆ ಹೊರದೂಡುತ್ತದೆಂದು ಮೊದಲು ತೋರಿಸಿಕೊಟ್ಟವರು ಅಮೆರಿಕದ ಬಾಸ್ಟನ್ನಿನ ಲಾರಾ ಮ್ಯಾಕ್‌ಮರಿ, ಸ್ಟುವರ್ಟ್ ಲೆವಿ ಮತ್ತು ಸಂಗಡಿಗರು, 1980ರಲ್ಲಿ, ಟೆಟ್ರಾಸೈಕ್ಲಿನ್ ವಿಷಯದಲ್ಲಿ. 1983ರಲ್ಲಿ ಲೆವಿಯವರ ಪ್ರಯೋಗಶಾಲೆಯಿಂದಲೇ ಇನ್ನೊಂದು ಸಂಗತಿ ಹೊರಬಿತ್ತು. ಒಂದೇ ಔಷಧವನ್ನು ಅಲ್ಪ ಪ್ರಮಾಣದಲ್ಲಿ ಉಣಿಸಿ ಬೆಳೆಸಿದ ಇ. ಕೋಲಿಗಳಲ್ಲಿ ಕೆಲವು, ಕಂಡೂ ಇರದ ಬೇರೆ ಔಷಧಗಳನ್ನೂ ತಾಳಬಲ್ಲವಾಗಿದ್ದವು. ಪಂಪುಗಳನ್ನು ಹೆಚ್ಚಿಸಿಕೊಳ್ಳುವುದು, ಕಿಂಡಿಗಳನ್ನು ಕಡಿಮೆ ಮಾಡಿಕೊಳ್ಳುವುದು, ಇದು ಅವುಗಳ ಉಪಾಯವೆಂದು ಆಮೇಲೆ ತಿಳಿಯಿತು.

ಇದನ್ನು ಓದಿದ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಕಪಾಟಿನ ಆ ಗುಳಿಗೆಗಳು ಕಣ್ಣ ಮುಂದೆ. ಮರುದಿನ ಡಾಕ್ಟರನ್ನು ಕೇಳಿಯೇಬಿಟ್ಟೆವು: “ಇದು ನಮ್ಮಿಂದಲೇ ಆಯಿತೇ?”

“ಆಗಿರಬಹುದು, ಆಗಿಲ್ಲದಿರಬಹುದು. ಪಂಪು ಜಾಸ್ತಿ ಆಗೇದೋ, ಔಷಧ ಹಿಡಿಯೋ ಜಾಗಾನ ಬದಲಾಗೇದೋ, ಈ ವರದಿ ಹೇಳೂದಿಲ್ಲ. ನೀವು ಮಾತ್ರ ಇನ್ನ ಅಂಗಡಿ ವೈದ್ಯಕಿ ಬಿಡ್ರಿ.”

ಅಮಿಕಾಸಿನ್ ಇಂಜೆಕ್ಷನ್, ದಿನಕ್ಕೊಂದರಂತೆ ಏಳು ದಿನ ಎಂದಾಯಿತು. ಇದು ಕಿಂಡಿಯನ್ನು ನೆಚ್ಚಿಕೊಂಡ ಔಷಧವಲ್ಲ. ಹೊರಪೊರೆಯ ಅಣುಗಳನ್ನು ಮೆಗ್ನೀಸಿಯಂ ಹಿಡಿದು ಬಿಗಿದಿರುತ್ತದೆ. ಧನ ವಿದ್ಯುದಂಶವುಳ್ಳ ಈ ಔಷಧ ಆ ಮೆಗ್ನೀಸಿಯಮನ್ನು ಸರಿಸಿ, ಗೋಡೆ ಸಡಿಲಿಸಿಕೊಂಡು ನುಗ್ಗುತ್ತದೆ. ಹೊರಹೋಗುವುದು ನಮ್ಮ ಮೂತ್ರಪಿಂಡಗಳ ದಾರಿಯಲ್ಲಿ. ಅವಕ್ಕೆ ಪೆಟ್ಟಾದೀತೆಂದು ಮೊದಲು ರಕ್ತ ಪರೀಕ್ಷಿಸಿದರು, ನಡುವೆ ಇನ್ನೊಮ್ಮೆ. ನಮ್ಮ ದೇಹಕ್ಕೂ ಒಂದು ಜಾವಕವಿದೆಯಲ್ಲ! 1941ರಲ್ಲಿ ಆಕ್ಸ್‌ಫರ್ಡಿನಲ್ಲಿ ಪೆನಿಸಿಲಿನ್ ಪಡೆದ ಪೊಲೀಸನೊಬ್ಬನ ಮೂತ್ರದಿಂದಲೇ ಔಷಧವನ್ನು ಮರಳಿ ತೆಗೆದು ಅವನಿಗೇ ಕೊಟ್ಟರಂತೆ. ಚೇತರಿಸಿಕೊಳ್ಳುತ್ತಿದ್ದ, ದಾಸ್ತಾನು ಮುಗಿಯಿತು, ಪಾಪ, ತೀರಿಕೊಂಡ.

ನಮ್ಮ ಮನೆಯಲ್ಲಿ ಮೂರನೆಯ ಇಂಜೆಕ್ಷನ್ನಿಗೆ ಜ್ವರ ಇಳಿಯಿತು. ಆದರೂ ಏಳನ್ನೂ ಹಾಕಿಸಿದೆವು. ತಾರೀಖು ಬರೆದು ರುಜು ಹಾಕಲು ಒಂದು ವಹಿಯನ್ನೇ ಇಟ್ಟಿದ್ದೆವು, ನಮ್ಮಾಕೆ ನಕ್ಕಳು.

ಮೊನ್ನೆ ಪಕ್ಕದ ಮನೆಯವರು ತಾಯಿಯವರನ್ನು ನೋಡಲು ಬಂದಿದ್ದರು. ನಾವು ಅಡಿಗೆಮನೆಯಲ್ಲಿ ಚಹಾ ಸೋಸುತ್ತಿದ್ದೆವು. “ಮೊದಲ ಎರಡ ಸಲ ನನ್ನ ಮಗಾನ ನಾಲ್ಕ ಗುಳಿಗಿ ಕೊಟ್ಟು ಆರಾಮ ಮಾಡಿದ್ದ. ಈ ಡಾಕ್ಟರಗ ನೋಡ್ರಿ, ಏಳ ದಿನ ಬೇಕಾತು” ಎಂದು ತಾಯಿಯವರು ಹೇಳುತ್ತಿದ್ದರು. ನಾವು ಸಕ್ಕರೆ ಡಬ್ಬಿ ಹುಡುಕುತ್ತ ಒಳಗೇ ಉಳಿದೆವು.