ರೂಢಿಯಿಂದ ಬಂದ ಪಟ್ಟ

ಒಂದು ದೇಶವು ತನ್ನ ರಾಷ್ಟ್ರಪುಷ್ಪವನ್ನು ಹೇಗೆ ಆರಿಸಿಕೊಳ್ಳುವದೆಂಬ ಪ್ರಶ್ನೆಯು ಮೇಲುನೋಟಕ್ಕೆ ಮಕ್ಕಳ ಒಗಟಿನಂತೆ ತೋರುವದು. ಪಂಡಿತರೂ ಮಂತ್ರಿಗಳೂ ಒಂದೆಡೆಯಲ್ಲಿ ಕುಳಿತು, ಇದೇ ನಮ್ಮ ಹೂವೆಂದು ನಿರ್ಣಯಿಸಿ, ಮುದ್ರೆಯೊತ್ತಿ ಸಾರುವರೆಂದೇ ನಾವು ಭಾವಿಸುವೆವು. ಕೆಲವು ದೇಶಗಳಲ್ಲಿ ಹಾಗೆ ನಡೆದದ್ದೂ ಉಂಟು. ಅಮೇರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಗುಲಾಬಿಯೋ ಚೆಂಡುಹೂವೋ ಎಂಬ ವಾದವು ಬಹುಕಾಲ ನಡೆದು, ೧೯೮೬ರಲ್ಲಿ ಶಾಸನಸಭೆಯ ಠರಾವಿನಿಂದ ಗುಲಾಬಿಗೆ ಪಟ್ಟವಾಯಿತು. ಬಾಂಗ್ಲಾದೇಶವು ತನ್ನ ಸಂವಿಧಾನದಲ್ಲಿಯೇ ರಾಷ್ಟ್ರಲಾಂಛನವನ್ನು ವರ್ಣಿಸುವಾಗ ನೀರಮೇಲಣ ನೈದಿಲೆಯನ್ನು ರಾಷ್ಟ್ರಪುಷ್ಪವೆಂದು ಹೆಸರಿಸಿದೆ.

ನಮ್ಮ ಭಾರತದ ಸಂಗತಿಯು ಬೇರೆ. ೨೦೧೯ರ ಜುಲೈ ತಿಂಗಳಲ್ಲಿ ರಾಜ್ಯಸಭೆಯಲ್ಲಿ ಈ ಪ್ರಶ್ನೆಯು ಬಂದಾಗ, ಕೇಂದ್ರ ಗೃಹಖಾತೆಯ ರಾಜ್ಯಮಂತ್ರಿಗಳಾದ ನಿತ್ಯಾನಂದ ರಾಯ್ ಅವರು, ಹುಲಿಗೂ ನವಿಲಿಗೂ ಸರಕಾರದ ಅಧಿಸೂಚನೆಯುಂಟು, ರಾಷ್ಟ್ರಪುಷ್ಪದ ವಿಷಯದಲ್ಲಿ ಅಂಥ ಅಧಿಸೂಚನೆಯು ಹೊರಟಿಲ್ಲ ಎಂದು ಉತ್ತರವಿತ್ತರು. ಇನ್ನೊಂದು ವಿಚಿತ್ರವನ್ನೂ ವಾಚಕರು ಗಮನಿಸಬೇಕು. ಸಾರನಾಥದ ಅಶೋಕಸ್ತಂಭದ ಶಿರಸ್ಸಿನಲ್ಲಿ ಸಿಂಹಗಳು ನಿಂತ ಪೀಠದ ಕೆಳಗೆ ಘಂಟೆಯಾಕಾರದ ಕಮಲವುಂಟು. ೧೯೫೦ರ ಜನವರಿ ೨೬ರಂದು ಆ ಶಿಲ್ಪದ ಮಾದರಿಯ ಮೇಲೆ ರಾಷ್ಟ್ರಲಾಂಛನವನ್ನು ಅಂಗೀಕರಿಸಿದಾಗ ಆ ಕಮಲವನ್ನೇ ಬಿಡಲಾಯಿತು! ಆದರೂ ೧೯೫೪ರಲ್ಲಿ ಪ್ರಶಸ್ತಿಗಳಿಗೆ ಹೆಸರಿಡುವಾಗ ಮತ್ತೆ ನೆನಪಾದದ್ದು ಪದ್ಮವೇ.

ಹಾಗಾದರೆ ಶಾಲೆಯ ಪುಸ್ತಕಗಳಲ್ಲಿ ಕಮಲವು ನಮ್ಮ ರಾಷ್ಟ್ರಪುಷ್ಪವೆಂದು ಓದಿಸುವದು ಸುಳ್ಳೇ? ಸುಳ್ಳಲ್ಲವೆಂದು ನನ್ನ ಅಭಿಪ್ರಾಯ. ನಮ್ಮ ಶಾಸ್ತ್ರಕಾರರು ಶಬ್ದಗಳನ್ನು ವಿಂಗಡಿಸುವಾಗ 'ಯೋಗರೂಢ'ವೆಂಬ ಒಂದು ಬಗೆಯನ್ನು ಹೇಳಿರುವರು. ಅದಕ್ಕೆ ಅವರು ಕೊಡುವ ಉದಾಹರಣೆಯೇ 'ಪಂಕಜ'. ಪದವನ್ನು ಬಿಡಿಸಿ ನೋಡಿದರೆ ಕೆಸರಿನಲ್ಲಿ ಹುಟ್ಟಿದ್ದೆಲ್ಲವೂ ಪಂಕಜವೇ. ಜೊಂಡೂ ಪಂಕಜ, ನೈದಿಲೆಯೂ ಪಂಕಜ. ಆದರೆ ಆ ಶಬ್ದವು ಕಿವಿಗೆ ಬಿದ್ದೊಡನೆ ಮನಸ್ಸಿನಲ್ಲಿ ಮೂಡುವದು ತಾವರೆಯೊಂದೇ. ಹೀಗೆ ತಿಳಿಯತಕ್ಕದ್ದೆಂದು ಯಾವ ಅರಸನೂ ಆಜ್ಞೆ ಮಾಡಲಿಲ್ಲ. ತಲೆಮಾರುಗಳ ಬಳಕೆಯೇ ಅದನ್ನು ನಿಶ್ಚಯಿಸಿತು. ಲಕ್ಷ್ಮಿಯ ಆಸನ, ಬ್ರಹ್ಮನ ಜನ್ಮಸ್ಥಾನ, ಬುದ್ಧಮೂರ್ತಿಯ ಪೀಠ, ನಮ್ಮ ಭಾಗದ ಜೈನ ಮನೆತನಗಳವರು ಪೂಜಿಸುವ ಪದ್ಮಪ್ರಭ ತೀರ್ಥಂಕರನ ಲಾಂಛನ, ಹೀಗೆ ಎಲ್ಲರ ಮನೆಯಲ್ಲಿಯೂ ಮೊದಲೇ ಬಂದು ಕುಳಿತ ಹೂವನ್ನು ದೇಶವು ಹೊಸದಾಗಿ ಆರಿಸಬೇಕಾದ ಅಗತ್ಯವೇ ಬೀಳಲಿಲ್ಲ.

ಗಡಿಯಲ್ಲಿರುವ ನಮಗೆ ಇದು ಇನ್ನೂ ಚೆನ್ನಾಗಿ ತಿಳಿಯುವದು. ಕಾಗವಾಡದಿಂದ ಮಿರಜಿನ ಹಾದಿ ಹಿಡಿದರೆ ಸ್ವಲ್ಪದರಲ್ಲಿಯೇ ರಾಜ್ಯವು ಬದಲಾಗುವದು. ಅತ್ತ ಮಹಾರಾಷ್ಟ್ರದ ರಾಜ್ಯಪುಷ್ಪವು 'ತಾಮಣ', ಎಂದರೆ ಕನ್ನಡದಲ್ಲಿ ಹೊಳೆದಾಸವಾಳವೆನ್ನುವ ಮರದ ನೇರಳೆಬಣ್ಣದ ಹೂವು. ಇತ್ತ ಕರ್ನಾಟಕದ್ದು ಕಮಲ. ತಾಮಣವೂ ಸುಂದರವಾದ ಹೂವೇ. ಆದರೆ ದೀಪಾವಳಿಯ ಲಕ್ಷ್ಮೀಪೂಜೆಯ ದಿನ ಗಡಿಯ ಎರಡೂ ಕಡೆಯ ಗೃಹಿಣಿಯರು ಪೇಟೆಯಲ್ಲಿ ಹುಡುಕುವದು ಕಮಲವನ್ನೇ.

ಇಷ್ಟಾದರೂ ರೂಢಿಗೆ ಒಂದು ದೌರ್ಬಲ್ಯವುಂಟು. ಅಧಿಸೂಚನೆಯು ಯಾರೂ ಓದದಿದ್ದರೂ ಕಡತದಲ್ಲಿ ಉಳಿಯುವದು. ರೂಢಿಯು ಬಳಸುವವರಿಲ್ಲದಿದ್ದರೆ ಅಳಿಯುವದು. ನಾನು ಪಾಠ ಹೇಳುತ್ತಿದ್ದಾಗ, ರಾಷ್ಟ್ರಪುಷ್ಪ ಯಾವುದೆಂದು ಕೇಳಿದರೆ ತರಗತಿಯೆಲ್ಲ ಒಕ್ಕೊರಲಿನಿಂದ "ಕಮಲ" ಎನ್ನುತ್ತಿತ್ತು. ಅದರ ಎಲೆಯು ಹೇಗಿರುವದೆಂದು ಕೇಳಿದರೆ ಎಲ್ಲರೂ ಸುಮ್ಮನಾಗುತ್ತಿದ್ದರು. ಕೃಷ್ಣೆಯ ದಂಡೆಯ ಕಬ್ಬಿನ ಹೊಲಗಳಲ್ಲಿ ಬೆಳೆದ ಆ ಮಕ್ಕಳು ಕಮಲವನ್ನು ಕಂಡದ್ದು ಚಿತ್ರದಲ್ಲಿ. ತಾವರೆಯ ಎಲೆಯು ಸೀಳಿಲ್ಲದ ದುಂಡೆಲೆ. ಬಲಿತ ಮೇಲೆ ನೀರಿನಿಂದ ಮೇಲೆದ್ದು ಕೊಡೆಯಂತೆ ನಿಲ್ಲುವದು. ಹನಿಯು ಅದರ ಮೇಲೆ ಅಂಟದೆ ಉರುಳುವದು. ನೈದಿಲೆಯ ಎಲೆಗೆ ಒಂದು ಕಡೆ ಸೀಳುಂಟು, ಅದು ನೀರಮೇಲೆಯೇ ತೇಲುವದು. ಸಸ್ಯಶಾಸ್ತ್ರದ ಪ್ರಕಾರ ಇವೆರಡೂ ಬೇರೆ ಬೇರೆ ಕುಟುಂಬದವು. ಈ ಭೇದವನ್ನರಿಯದ ಮಗುವಿಗೆ ಪಂಕಜವು ಮತ್ತೆ ಬರಿಯ ಕೆಸರಿನಲ್ಲಿ ಹುಟ್ಟಿದ್ದಾಗಿಯೇ ಉಳಿಯುವದು.

ಇದಕ್ಕೆ ಪರಿಹಾರವು ಗೃಹಸ್ಥರ ಕೈಯಲ್ಲಿಯೇ ಇದೆ. ಬಿಸಿಲು ಬೀಳುವ ಅಂಗಳದಲ್ಲಿ ಅಗಲಬಾಯಿಯ ತೊಟ್ಟಿಯೊಂದನ್ನಿಟ್ಟು, ಅಡಿಗೆ ಜೇಡಿಮಣ್ಣು ಹಾಕಿ, ನೀರು ತುಂಬಿ, ತಾವರೆಯ ಗಡ್ಡೆಯನ್ನು ನೆಡಬಹುದು. ಬೀಜವಾದರೆ ಅದರ ಗಟ್ಟಿ ಸಿಪ್ಪೆಯನ್ನು ಒಂದು ಬದಿಯಲ್ಲಿ ಕಲ್ಲಿಗೆ ಉಜ್ಜಿ ನೀರಿನಲ್ಲಿಟ್ಟರೆ ಕೆಲವು ದಿನಗಳಲ್ಲಿ ಮೊಳೆಯುವದು. ನಾಲ್ಕು ಸಣ್ಣ ಮೀನು ಬಿಟ್ಟರೆ ಸೊಳ್ಳೆಯ ಕಾಟವೂ ತಪ್ಪುವದು. ಮನೆಯ ಮಗುವು ಬೆಳಿಗ್ಗೆ ಎದ್ದು ಆ ಮೊಗ್ಗು ಅರಳಿತೇ ಎಂದು ನೋಡಲು ಓಡಿದರೆ, ದೇಶವು ತನ್ನ ಹೂವನ್ನು ಆರಿಸಿಕೊಳ್ಳುವ ಕೆಲಸವು ಆ ಅಂಗಳದಲ್ಲಿ ಮತ್ತೊಮ್ಮೆ ನಡೆದಂತಾಗುವದು.