ದಿನಕ್ಕೊಂದು ಮಿಲಿಮೀಟರ್

ಕಿಟಕಿಯ ಒಡೆದ ಗಾಜನ್ನು ತೆಗೆಯಲು ಹೋಗಿ ನನ್ನ ಬಲ ಮಣಿಕಟ್ಟು ಸೀಳಿದ್ದು ಎರಡು ವರ್ಷಗಳ ಹಿಂದಿನ ಮಾತು. ಮೊದಲು ನೋಡಿದ ವೈದ್ಯರು ಚರ್ಮಕ್ಕೆ ಹೊಲಿಗೆ ಹಾಕಿ ಕಳುಹಿಸಿದರು. ಗಾಯ ಮಾಯಿತು, ಆದರೆ ಹೆಬ್ಬೆರಳು, ತೋರುಬೆರಳು, ನಡುಬೆರಳು ನನ್ನವಲ್ಲವೆಂಬಂತಾದವು. ಬಿಸಿ ಲೋಟ ಹಿಡಿದು ಬೆರಳಲ್ಲಿ ಬೊಬ್ಬೆ ಎದ್ದರೂ ಅರಿವಾಗಲಿಲ್ಲ. ಸೀಮೆಸುಣ್ಣ ಹಿಡಿಯಲಾಗದ ಗಣಿತದ ಮೇಷ್ಟ್ರು ಯಾವ ಪ್ರಯೋಜನಕ್ಕೆ? ಕೆಲವು ವಾರಗಳ ಬಳಿಕ ಬೇರೊಂದು ಆಸ್ಪತ್ರೆಯಲ್ಲಿ, ಮಣಿಕಟ್ಟಿನ ನಡುವೆ ಹಾದುಹೋಗುವ ನರ ತುಂಡಾಗಿರುವುದನ್ನು ಕಂಡುಹಿಡಿದು ಜೋಡಿಸಿದರು.

ಜೋಡಿಸಿದ ನರದ ತಂತುಗಳು ಹೊಸದಾಗಿ ಚಿಗುರಿ ಬೆರಳ ತುದಿಯತ್ತ ಬೆಳೆಯಬೇಕು. ವೇಗ ದಿನಕ್ಕೆ ಸುಮಾರು 1 ಮಿಲಿಮೀಟರ್. ಅಳೆದು ನೋಡಿದೆ, 17 ಸೆಂಟಿಮೀಟರ್. ಆರು ತಿಂಗಳು ಸಾಕೆಂದು ಲೆಕ್ಕ ಹಾಕಿದೆ. ಲೆಕ್ಕ ಸರಿಯಿತ್ತು, ಉತ್ತರ ತಪ್ಪಿತ್ತು. ತಂತುಗಳೆಲ್ಲ ತಮ್ಮ ಹಳೆಯ ಮನೆಗೇ ಮರಳುವುದಿಲ್ಲವಂತೆ. ತೋರುಬೆರಳನ್ನು ಮುಟ್ಟಿದರೆ ನನಗೆ ನಡುಬೆರಳು ಜುಮ್ಮೆನ್ನುತ್ತಿತ್ತು.

"ಮೇಷ್ಟ್ರೇ, ಇನ್ನು ಪಾಠ ಕಲಿಯಬೇಕಾದದ್ದು ನಿಮ್ಮ ಮಿದುಳು," ಎಂದರು ಫಿಸಿಯೋಥೆರಪಿಯ ತರುಣಿ. ಮಡದಿ ಅಕ್ಕಿಯ ಬಟ್ಟಲಲ್ಲಿ ಕಡಲೆ, ಅಲಸಂದೆ, ಗುಂಡಿಗಳನ್ನು ಬೆರೆಸಿಡುವಳು. ಮೊದಲು ನೋಡುತ್ತಾ ಮುಟ್ಟುವುದು, ಅನಂತರ ಕಣ್ಣು ಮುಚ್ಚಿ ಗುರುತಿಸುವುದು, ತಪ್ಪಿದರೆ ಕಣ್ಣು ತೆರೆದು ಮತ್ತೆ ಮುಟ್ಟುವುದು. ದಿನಕ್ಕೆ ನಾಲ್ಕು ಬಾರಿ. ಎಷ್ಟೋ ಸಲ ಬಟ್ಟಲನ್ನೇ ಎಸೆದುಬಿಡೋಣ ಎನಿಸಿದ್ದುಂಟು.

ಈ ನಡುವೆ ಮಗ, ಮಿದುಳಿಗೇ ಪ್ರಚೋದನೆ ಕೊಡುವ ಚಿಕಿತ್ಸೆಯ ಸುದ್ದಿ ತಂದ. ತಲೆಯ ಮೇಲೆ ಸುರುಳಿ ಹಿಡಿದು ಅಯಸ್ಕಾಂತೀಯ ಮಿಡಿತ ಹಾಯಿಸಿದರೆ ಕೈಯ ಸ್ನಾಯು ಅದುರುವುದನ್ನು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಥನಿ ಬಾರ್ಕರ್ ಮತ್ತು ಸಂಗಡಿಗರು 1985ರಲ್ಲಿಯೇ ತೋರಿಸಿದ್ದರು. ಪಾರ್ಶ್ವವಾಯುವಿನಿಂದ ಸೋತ ಕೈಗಾಗಿ, ವ್ಯಾಯಾಮ ಮಾಡುವ ಆ ಕ್ಷಣದಲ್ಲೇ ಕತ್ತಿನ ವೇಗಸ್ ನರವನ್ನು ಪ್ರಚೋದಿಸುವ ಸಾಧನಕ್ಕೆ ಅಮೆರಿಕ 2021ರಲ್ಲಿ ಅನುಮತಿ ನೀಡಿದೆ. ಆಸೆಯಿಂದ ವೈದ್ಯರನ್ನು ಕೇಳಿದೆ. ತುಂಡಾದ ನರಕ್ಕೆ ಇಂಥವು ಇನ್ನೂ ಸಂಶೋಧನೆಯ ಹಂತದಲ್ಲಿವೆ ಎಂದರು. "ಅಲ್ಲಿಯೂ ಅಭ್ಯಾಸ ತಪ್ಪುವುದಿಲ್ಲ," ಎಂದು ನಕ್ಕರು. ಪೆಚ್ಚಾಗಿ ಬಟ್ಟಲಿಗೆ ಮರಳಿದೆ.

ಈಗ ಅಂಗಿಯ ಗುಂಡಿ ನಾನೇ ಹಾಕಿಕೊಳ್ಳುತ್ತೇನೆ. ಕಪ್ಪುಹಲಗೆಯ ಮೇಲೆ ಅಕ್ಷರ ಸೊಟ್ಟಗಾದರೂ ಮಕ್ಕಳು ಓದುತ್ತಾರೆ. ಜೇಬಿನೊಳಗಿನ ನಾಣ್ಯ ಒಂದು ರೂಪಾಯಿಯದೋ ಎರಡು ರೂಪಾಯಿಯದೋ ಬೆರಳಿಗೆ ಇನ್ನೂ ತಿಳಿಯದು. ಭಾನುವಾರ ಕಾಣಿಕೆಯ ತಟ್ಟೆ ಬಂದಾಗ ಕೈಗೆ ಸಿಕ್ಕಿದ್ದನ್ನು ಹಾಕಿಬಿಡುತ್ತೇನೆ.